ಒಲೆ ಉರಿಸಿದರೆ ಅಡುಗೆಮನೆ ತಣ್ಣಗೆ, ಆಯಿಲ್ ಬಾಯ್ಲರ್ ಹಾಕಿದರೆ ಒಲೆ ಬಿಸಿ: ಶಾಖ ಎಲ್ಲಿ ಹೋಗುತ್ತಿದೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಹಾಸನದ ಕಡೆಯವರು. ಈಗ ಐರ್ಲೆಂಡಿನ ಕೌಂಟಿ ಮೀತ್‌ನಲ್ಲಿ ಒಂದು ಹಳೇ ಮನೆ ಕೊಂಡಿದ್ದೇವೆ. ಹಾಲ್‌ನಲ್ಲಿ ಸೌದೆ ಒಲೆ ಇದೆ, ಅದರ ಹಿಂಭಾಗದಲ್ಲಿ ನೀರು ಕಾಯಿಸುವ ಬಾಯ್ಲರ್ ಇದೆ. ಮನೆಯ ಹಿಂದೆ, ಹೊರಗಡೆ, ಸೀಮೆಎಣ್ಣೆಯ ಆಯಿಲ್ ಬಾಯ್ಲರ್ ಇದೆ. ಎರಡೂ ಅದೇ ಹತ್ತು ರೇಡಿಯೇಟರ್‌ಗಳಿಗೆ ಮತ್ತು ಮಹಡಿಯ ಹಾಟ್ ಪ್ರೆಸ್ ಕಪಾಟಿನಲ್ಲಿರುವ ಬಿಸಿನೀರಿನ ಸಿಲಿಂಡರ್‌ಗೆ ಸೇರುತ್ತವೆ. ಬರೀ ಒಲೆ ಉರಿಸಿದರೆ ಸಿಲಿಂಡರ್ ಮತ್ತು ಮಹಡಿಯ ರೇಡಿಯೇಟರ್‌ಗಳು ಬಿಸಿಯಾಗುತ್ತವೆ. ಕೆಳಗೆ ಅಡುಗೆಮನೆ, ಓದುವ ಕೋಣೆ ತಣ್ಣಗೇ ಇರುತ್ತವೆ. ಬರೀ ಆಯಿಲ್ ಹಾಕಿದರೆ ಎಲ್ಲಾ ಕೋಣೆಗಳೂ ಚೆನ್ನಾಗಿ ಬಿಸಿಯಾಗುತ್ತವೆ, ಆದರೆ ಉರಿಯದೇ ಇರುವ ಒಲೆಯೂ ಬಿಸಿಯಾಗುತ್ತದೆ. ಎಣ್ಣೆ ಬೇಗ ಖಾಲಿಯಾಗುತ್ತಿದೆ. ಎರಡನ್ನೂ ಒಟ್ಟಿಗೆ ಹಾಕಿದಾಗ ಒಂದು ದಿನ ಒಲೆಯ ಹಿಂದೆ ಗಡಗಡ ಶಬ್ದ ಬಂತು, ಅಟ್ಟದ ಟ್ಯಾಂಕಿಗೆ ಬಿಸಿನೀರು ಸುರಿಯಿತು. ರಿಪೇರಿಗೆ ಬಂದವರೊಬ್ಬರು ಒಲೆಯ ಎರಡು ಪೈಪುಗಳಿಗೆ ಗೇಟ್ ವಾಲ್ವ್ ಹಾಕಿ, ಆಯಿಲ್ ಉರಿಸುವಾಗ ಮುಚ್ಚಿಬಿಡಿ ಎಂದರು. ಹಾಕಿಸಬಹುದಾ? ಬಾತ್‌ರೂಮಿನ ರೇಡಿಯೇಟರ್‌ಗೆ ವಾಲ್ವೇ ಇಲ್ಲ, ಒಲೆ ಹಚ್ಚಿದಾಗಲೆಲ್ಲ ಸುಡುತ್ತದೆ. ಅದಕ್ಕೂ ಒಂದು ಹಾಕಿಸಬೇಕು ಅಂತಿದ್ದೇವೆ. ಫೋಟೋಗಳನ್ನು ಕಳಿಸಿದ್ದೇನೆ.

ಉತ್ತರ: ಮೊದಲು ಒಂದು ಮಾತು. ಆ ಗೇಟ್ ವಾಲ್ವ್ ಹಾಕಿಸಬೇಡಿ. ಮಾತಾಗಿದ್ದರೆ ಇವತ್ತೇ ಫೋನ್ ಮಾಡಿ ಬೇಡ ಅನ್ನಿ. ಉಳಿದದ್ದನ್ನು ನಿಧಾನವಾಗಿ ಓದಬಹುದು.

ಆಯಿಲ್ ಬಾಯ್ಲರ್‌ಗೆ ಸ್ವಿಚ್ ಇದೆ. ನೀರು ಜಾಸ್ತಿ ಕಾದರೆ ಅದರೊಳಗಿನ ಥರ್ಮೋಸ್ಟಾಟ್ ಬರ್ನರನ್ನು ಆರಿಸುತ್ತದೆ. ಸೌದೆ ಒಲೆಗೆ ಸ್ವಿಚ್ ಇಲ್ಲ. ಗಾಳಿಯ ಕಿಂಡಿ ಪೂರ್ತಿ ಮುಚ್ಚಿದರೂ ಒಳಗಿನ ಕೆಂಡ ಬಹಳ ಹೊತ್ತು ಶಾಖ ಕೊಡುತ್ತಲೇ ಇರುತ್ತದೆ. ಆ ಶಾಖ ಹೊರಗೆ ಹೋಗಲು ಯಾವಾಗಲೂ ಒಂದು ತೆರೆದ ದಾರಿ ಇರಲೇಬೇಕು. ಒಲೆಯ ಎರಡೂ ಪೈಪುಗಳಿಗೆ ವಾಲ್ವ್ ಹಾಕಿ, ಒಂದು ಸಂಜೆ ಮನೆಯಲ್ಲಿ ಯಾರಾದರೂ ಅದು ಮುಚ್ಚಿದೆ ಅನ್ನೋದನ್ನು ಮರೆತು ಒಲೆ ಹಚ್ಚಿದರೆ ಏನಾಗುತ್ತದೆ ಯೋಚಿಸಿ. ಒಂದು ಲೀಟರ್ ನೀರು ಆವಿಯಾದರೆ ಅದಕ್ಕೆ ಸುಮಾರು 1,600 ಲೀಟರ್ ಜಾಗ ಬೇಕು. ಮುಚ್ಚಿದ ಲೋಹದ ಪೆಟ್ಟಿಗೆಯಲ್ಲಿ ಆ ಜಾಗ ಸಿಗುವುದಿಲ್ಲ. ಒಲೆ ಸಿಡಿಯುತ್ತದೆ, ಅದೂ ಜನ ಕೂತಿರುವ ಹಾಲ್‌ನಲ್ಲಿ. ಅದಕ್ಕೇ ಸೌದೆ ಒಲೆಯಿಂದ ಅಟ್ಟದವರೆಗೆ ಹೋಗಿ ಟ್ಯಾಂಕಿನ ಮೇಲೆ ಬಾಯಿ ತೆರೆದಿರುವ ವೆಂಟ್ ಪೈಪಿನ ದಾರಿಯಲ್ಲಿ ಯಾವ ವಾಲ್ವೂ ಇರಬಾರದು. ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಬಾತ್‌ರೂಮ್ ರೇಡಿಯೇಟರ್‌ಗೂ ಇದೇ ಉತ್ತರ. ಅದಕ್ಕೆ ವಾಲ್ವ್ ಇಲ್ಲದೆ ಬಿಟ್ಟದ್ದು ಮರೆತು ಅಲ್ಲ, ಬೇಕೆಂದೇ. ಇಲ್ಲಿನ ಕೆಲಸಗಾರರು ಅದನ್ನು ಹೀಟ್ ಲೀಕ್ ರೇಡಿಯೇಟರ್ ಅನ್ನುತ್ತಾರೆ. ಕರೆಂಟ್ ಹೋಗಿ ಪಂಪ್ ನಿಂತಾಗ ಒಲೆಯ ಶಾಖ ಹೋಗುವುದು ಸಿಲಿಂಡರ್‌ಗೆ ಮತ್ತು ಆ ಒಂದು ರೇಡಿಯೇಟರ್‌ಗೆ ಮಾತ್ರ. 2025ರ ಜನವರಿ 24ರಂದು ಏಓವಿನ್ ಬಿರುಗಾಳಿ ಬಂದಾಗ ಐರ್ಲೆಂಡಿನಲ್ಲಿ 7,68,000 ಮನೆ ಮತ್ತು ಅಂಗಡಿಗಳಿಗೆ ಕರೆಂಟ್ ಹೋಗಿತ್ತು. ಎಷ್ಟೋ ಊರುಗಳಲ್ಲಿ ಬರಲು ದಿನಗಟ್ಟಲೆ ಹಿಡಿಯಿತು. ಅಂಥ ದಿನ ಜನ ಮೊದಲು ಮಾಡುವ ಕೆಲಸವೇ ಒಲೆ ಹಚ್ಚುವುದು ಅಲ್ವಾ? ಆಗ ನಿಮ್ಮ ಮನೆ ಕಾಪಾಡುವುದು ಸುಡುವ ಆ ಬಾತ್‌ರೂಮ್ ರೇಡಿಯೇಟರೇ. ಮಕ್ಕಳು ಮುಟ್ಟುತ್ತಾರೆ ಎಂಬ ಚಿಂತೆ ಇದ್ದರೆ ಮುಂದೆ ಒಂದು ಮರದ ಜಾಲರಿ ಇಡಿಸಿ. ವಾಲ್ವ್ ಮಾತ್ರ ಬೇಡ.

ಇನ್ನು ನಿಮ್ಮ ತೊಂದರೆಗೆ ಬರೋಣ. ನೀವು ಮೂರು ದೂರು ಬರೆದಿದ್ದೀರಿ. ಮೂರಕ್ಕೂ ನಾನು ಕೇಳುವ ಪ್ರಶ್ನೆ ಒಂದೇ: ಶಾಖ ಎಲ್ಲಿ ಹೋಗುತ್ತಿದೆ? ನಿಮ್ಮ ಮನೆಯಲ್ಲಿ ಬೆಂಕಿ ಎರಡು, ಆದರೆ ನೀರು ಒಂದೇ. ಅದೇ ನೀರು ಒಲೆಯೊಳಗೂ ಓಡಾಡುತ್ತದೆ, ಆಯಿಲ್ ಬಾಯ್ಲರ್ ಒಳಗೂ ಓಡಾಡುತ್ತದೆ. ಇಂಥ ಮನೆಗಳಲ್ಲಿ ಒಲೆಯಾಗಲಿ ಬಾಯ್ಲರ್ ಆಗಲಿ ಕೆಟ್ಟಿರುವುದು ಕಡಿಮೆ. ತಪ್ಪು ಸಾಮಾನ್ಯವಾಗಿ ಇರುವುದು ಎರಡೂ ಕೂಡುವ ಜಾಗದಲ್ಲಿ. ಬರ್ನರ್ ಸರ್ವಿಸ್ ಮಾಡಿಸಿ, ಪಂಪ್ ಬದಲಾಯಿಸಿ, ದುಡ್ಡು ಖರ್ಚಾದ ಮೇಲೂ ಅಡುಗೆಮನೆ ತಣ್ಣಗೇ ಉಳಿಯುವುದು ಇದಕ್ಕೇ.

ಪರೀಕ್ಷೆ ಮಾಡುವಾಗ ಒಂದು ಶಿಸ್ತು ಇರಲಿ. ಒಂದು ಸಲಕ್ಕೆ ಒಂದೇ ಬೆಂಕಿ. ಇನ್ನೊಂದು ಹಿಂದಿನ ರಾತ್ರಿಯಿಂದಲೇ ಆರಿರಬೇಕು, ಅದರ ಪೈಪುಗಳು ಕೈಗೆ ತಣ್ಣಗೆ ಸಿಗಬೇಕು. ಸಿಲಿಂಡರಿನ ಇಮ್ಮರ್ಷನ್ ಹೀಟರ್ ಕೂಡ ಆಫ್ ಇರಲಿ. ಇಲ್ಲದಿದ್ದರೆ ಆ ಮೂರನೆಯ ಶಾಖ ಬಂದು ಲೆಕ್ಕ ಕೆಡಿಸುತ್ತದೆ. ಬಿಸಿ ಪೈಪ್ ಮುಟ್ಟುವಾಗ ಬೆರಳಿನ ಹಿಂಭಾಗದಿಂದ ಒಂದು ಕ್ಷಣ ಮುಟ್ಟಿ ತೆಗೆಯಿರಿ. ಅಂಗೈಯಿಂದ ಹಿಡಿಯಬೇಡಿ.

ಮೊದಲು ಆಯಿಲ್ ದೂರನ್ನು ತಗೊಳ್ಳೋಣ. ಅದರ ಉತ್ತರ ನಿಮ್ಮ ಫೋಟೋದಲ್ಲೇ ಇದೆ.

ಬೆಂಗಳೂರಿನ ಮನೆಗಳ ಚಾವಣಿ ಮೇಲಿನ ಸೋಲಾರ್ ವಾಟರ್ ಹೀಟರ್ ನೆನಪಿಸಿಕೊಳ್ಳಿ. ಅದಕ್ಕೆ ಪಂಪ್ ಇಲ್ಲ. ಕೆಳಗಿನ ಫಲಕದಲ್ಲಿ ಕಾದ ನೀರು ಹಗುರಾಗಿ ತಾನಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ನಿಮ್ಮ ಒಲೆ ಮತ್ತು ಸಿಲಿಂಡರ್ ನಡುವೆ ಇರುವ ಎರಡು ದಪ್ಪ ಪೈಪುಗಳು, 28 ಮಿ.ಮೀ. ಇರಬೇಕು, ಇದೇ ರೀತಿ ಕೆಲಸ ಮಾಡುತ್ತವೆ. ಅಂದರೆ ಬಿಸಿನೀರು ತಾನಾಗಿ ಕೆಳಗಿಳಿದು ಒಲೆಗೆ ಬರುವ ಪ್ರಶ್ನೆಯೇ ಇಲ್ಲ. ಆರಿದ ಒಲೆ ಬಿಸಿಯಾಗುತ್ತಿದೆ ಎಂದರೆ ಯಾವುದೋ ಪಂಪ್ ಆ ನೀರನ್ನು ತಳ್ಳುತ್ತಿದೆ. ಆಗ ಓಡುತ್ತಿರುವುದು ಆಯಿಲ್ ಬಾಯ್ಲರಿನ ಪಂಪ್ ಮಾತ್ರ. ಅದು ರೇಡಿಯೇಟರ್‌ಗಳಿಗೆ ಕಳಿಸಿದ ನೀರಿನಲ್ಲಿ ಒಂದು ಪಾಲು ಹಿಮ್ಮುಖವಾಗಿ ಒಲೆಯ ಪಂಪಿನ ಮೂಲಕ ನುಗ್ಗಿ, ಒಲೆಯನ್ನು ಹಾದು, ಆಯಿಲ್ ಬಾಯ್ಲರ್‌ಗೆ ವಾಪಸ್ ಹೋಗುತ್ತಿದೆ.

ಇದನ್ನು ತಡೆಯಲೆಂದೇ ಒಲೆಯ ಪಂಪಿನ ಮುಂದೆ ಒಂದು ನಾನ್ ರಿಟರ್ನ್ ವಾಲ್ವ್ ಇರುತ್ತದೆ. ನಮ್ಮ ಪ್ಲಂಬರ್‌ಗಳು ಎನ್‌ಆರ್‌ವಿ ಅನ್ನುತ್ತಾರಲ್ಲ, ಅದೇ. ನಿಮ್ಮ ಹಾಟ್ ಪ್ರೆಸ್ ಫೋಟೋ ದೊಡ್ಡದು ಮಾಡಿ ನೋಡಿದೆ. ಪಂಪಿನ ಕೆಳಗೆ ಒಂದು ಹಿತ್ತಾಳೆ ಎನ್‌ಆರ್‌ವಿ ಇದೆ, ಮೇಲ್ಭಾಗದಲ್ಲಿ ದುಂಡನೆಯ ತಿರುಪಿನ ಮುಚ್ಚಳ ಇದೆ, ಮೈಮೇಲಿನ ಬಾಣ ಕೆಳಮುಖವಾಗಿದೆ. ಇದೇ ತಪ್ಪು. ಅಂಥ ಮುಚ್ಚಳ ಇರುವುದು ಸ್ವಿಂಗ್ ಬಗೆಯದಕ್ಕೆ. ಅದರೊಳಗೆ ಒಂದು ಪುಟ್ಟ ತಟ್ಟೆ ಮೇಲಿನ ಕೀಲಿನಿಂದ ನೇತಾಡುತ್ತಿರುತ್ತದೆ. ಮಲಗಿದ ಪೈಪಿನಲ್ಲಿ ಅಥವಾ ನೀರು ಮೇಲೇರುವ ಪೈಪಿನಲ್ಲಿ ಹಾಕಿದರೆ ಪಂಪ್ ನಿಂತ ಕೂಡಲೇ ಆ ತಟ್ಟೆ ತನ್ನ ಭಾರಕ್ಕೇ ಬಿದ್ದು ದಾರಿ ಮುಚ್ಚುತ್ತದೆ. ನೀರು ಕೆಳಗಿಳಿಯುವ ಪೈಪಿನಲ್ಲಿ ಹಾಕಿದರೆ ಅದೇ ಭಾರ ತಟ್ಟೆಯನ್ನು ಯಾವಾಗಲೂ ತೆರೆದೇ ಇಡುತ್ತದೆ. ಹಿಂದಕ್ಕೆ ಬರುವ ನೀರು ಮೆಲ್ಲಗೆ ಬಂದರೆ ಅದನ್ನು ಎತ್ತಿ ಮುಚ್ಚುವಷ್ಟು ಬಲ ಅದಕ್ಕಿರುವುದಿಲ್ಲ. ಹೊರಗಿನಿಂದ ನೋಡಿದರೆ ಬಾಣವೂ ಸರಿ, ವಾಲ್ವೂ ಹೊಸದು. ಕೆಲಸ ಮಾತ್ರ ಆಗುತ್ತಿಲ್ಲ.

ಖಾತ್ರಿ ಮಾಡಿಕೊಳ್ಳಲು ಹೀಗೆ ಮಾಡಿ. ಒಲೆ ಪೂರ್ತಿ ತಣ್ಣಗಿರುವ ಬೆಳಿಗ್ಗೆ ಆಯಿಲ್ ಹಾಕಿ. ಇಪ್ಪತ್ತು ನಿಮಿಷ ಬಿಟ್ಟು ಒಲೆಯ ಹಿಂದಿನ ಎರಡು ಪೈಪ್ ಮುಟ್ಟಿ ನೋಡಿ. ಮೇಲಿನ ಪೈಪ್ ಮೊದಲು ಬಿಸಿಯಾಗಿ, ಕೆಳಗಿನದು ಆಮೇಲೆ ಬೆಚ್ಚಗಾದರೆ ನೀರು ಹಿಮ್ಮುಖವಾಗಿ ಬರುತ್ತಿದೆ ಎಂದು ತೀರ್ಮಾನ. ಆಗ ಆ ಎನ್‌ಆರ್‌ವಿ ತೆಗೆಸಿ, ಸ್ಪ್ರಿಂಗ್ ಇರುವ ಬಗೆಯದನ್ನು ಹಾಕಿಸಬೇಕು. ಸ್ಪ್ರಿಂಗ್ ಇದ್ದರೆ ಪೈಪ್ ಯಾವ ದಿಕ್ಕಿಗಿದ್ದರೂ ಮುಚ್ಚುತ್ತದೆ. ಹಾಕಿಸುವ ಜಾಗ ಮಾತ್ರ ಪಂಪಿನಿಂದ ರೇಡಿಯೇಟರ್‌ಗಳಿಗೆ ಹೋಗುವ ಕವಲಿನಲ್ಲೇ ಇರಲಿ. ಒಲೆ ಮತ್ತು ಸಿಲಿಂಡರ್ ನಡುವಿನ ದಪ್ಪ ಪೈಪುಗಳಿಗೆ ಎನ್‌ಆರ್‌ವಿ ಕೂಡ ಬರಬಾರದು. ತಾನಾಗಿ ಏರುವ ನೀರಿಗೆ ಅದರ ಸ್ಪ್ರಿಂಗ್ ತಳ್ಳುವ ಶಕ್ತಿ ಇಲ್ಲ.

ಎಣ್ಣೆ ಬೇಗ ಖಾಲಿಯಾಗುವುದಕ್ಕೂ ಇದೇ ಕಾರಣ ಇರಬಹುದು. ಬಿಸಿಯಾದ ಒಲೆ ಹಾಲ್ ಬೆಚ್ಚಗೆ ಮಾಡಿದರೆ ನಷ್ಟವೇನು ಅನ್ನಿಸಬಹುದು. ಆದರೆ ಒಲೆಗೆ ಚಿಮಣಿ ಇದೆಯಲ್ಲ. ಒಳಗಿನ ಗಾಳಿ ಕಾದು ಹೊರಗೆ ಹೋಗುತ್ತಲೇ ಇರುತ್ತದೆ. ಒಂದು ಕಿಲೋವ್ಯಾಟ್‌ನಷ್ಟು ಶಾಖ ಹೀಗೆ ದಿನಕ್ಕೆ 8 ಗಂಟೆ ಹೋದರೆ 8 ಯೂನಿಟ್ ಆಯಿತು. ಒಂದು ಲೀಟರ್ ಸೀಮೆಎಣ್ಣೆಯಲ್ಲಿರುವುದು ಸುಮಾರು 10 ಯೂನಿಟ್, ಅದರಲ್ಲೂ ಬಾಯ್ಲರಿನಲ್ಲೇ ಸ್ವಲ್ಪ ಪೋಲಾಗುತ್ತದೆ. ಹೆಚ್ಚುಕಡಿಮೆ ದಿನಕ್ಕೊಂದು ಲೀಟರ್ ಎಣ್ಣೆ ಚಿಮಣಿಗೆ. ಇದು ಸರಿಯಾಗುವವರೆಗೆ ಆಯಿಲ್ ಉರಿಸುವಾಗ ಆರಿದ ಒಲೆಯ ಗಾಳಿಯ ಕಿಂಡಿಗಳನ್ನು ಮುಚ್ಚಿಡಿ, ಸ್ವಲ್ಪ ಉಳಿಯುತ್ತದೆ.

ಈಗ ತಣ್ಣನೆಯ ಅಡುಗೆಮನೆ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಸಾಲು ಇದು: ಆಯಿಲ್ ಹಾಕಿದರೆ ಎಲ್ಲಾ ಕೋಣೆಗಳೂ ಚೆನ್ನಾಗಿ ಬಿಸಿಯಾಗುತ್ತವೆ. ಅಂದರೆ ಕೆಳಗಿನ ರೇಡಿಯೇಟರ್‌ಗಳಲ್ಲಿ ಗಾಳಿ ಸೇರಿಲ್ಲ, ಕೆಸರು ಕಟ್ಟಿಲ್ಲ, ವಾಲ್ವ್ ಹಿಡಿದುಕೊಂಡಿಲ್ಲ. ಗಾಳಿ ಸೇರಿದ್ದರೆ ರೇಡಿಯೇಟರಿನ ಮೇಲ್ಭಾಗ ತಣ್ಣಗಿರುತ್ತಿತ್ತು, ಕೆಸರಿದ್ದರೆ ಕೆಳಭಾಗ ತಣ್ಣಗಿರುತ್ತಿತ್ತು, ಅದೂ ಯಾವ ಬೆಂಕಿ ಹಾಕಿದರೂ ಹಾಗೇ. ಹಾಗಾಗಿ ರೇಡಿಯೇಟರ್ ತೊಳೆಸುವ ಕೆಲಸಕ್ಕೆ ಈಗಲೇ ಕೈ ಹಾಕಬೇಡಿ. ಒಲೆ ಉರಿಯುವಾಗ ಮಾತ್ರ ಕೆಳಗಿನ ದಾರಿ ಮುಚ್ಚುತ್ತಿದೆ. ಯಾಕೆ?

ನಿಮ್ಮ ಹಾಲ್‌ನ ಫೋಟೋ ನೋಡಿ. ಒಲೆಯ ಪಕ್ಕದ ಗೋಡೆಯ ಮೇಲೆ ಬಿಳಿಯ ಸಣ್ಣ ಡಬ್ಬಿ ಇದೆ, ಅದರ ಸೂಚಿ 20ರ ಹತ್ತಿರ ಇದೆ. ಅದು ಕೆಳ ಅಂತಸ್ತಿನ ರೂಮ್ ಥರ್ಮೋಸ್ಟಾಟ್. ಹಾಟ್ ಪ್ರೆಸ್‌ನ ಫೋಟೋದಲ್ಲಿ ಕೆಳಗೆ ಹೋಗುವ ಪೈಪಿನ ಮೇಲೆ ವೈರ್ ಬಂದು ಸೇರುವ ಲೋಹದ ಪೆಟ್ಟಿಗೆ ಇದೆ. ಅದು ಝೋನ್ ವಾಲ್ವ್. ಥರ್ಮೋಸ್ಟಾಟ್ ಶಾಖ ಬೇಕು ಎಂದರೆ ಆ ವಾಲ್ವ್ ತೆರೆಯುತ್ತದೆ, ಸಾಕು ಎಂದರೆ ಮುಚ್ಚುತ್ತದೆ. ಒಲೆ ಹಚ್ಚಿ ಅರ್ಧ ಗಂಟೆಯಲ್ಲಿ ಹಾಲ್ 20 ಡಿಗ್ರಿ ದಾಟುತ್ತದೆ. ಥರ್ಮೋಸ್ಟಾಟ್‌ಗೆ ಗೊತ್ತಿರುವುದು ಹಾಲ್ ಮಾತ್ರ. ಮನೆ ಬೆಚ್ಚಗಾಯಿತು ಅಂದುಕೊಂಡು ಅದು ಇಡೀ ಕೆಳ ಅಂತಸ್ತಿನ ವಾಲ್ವ್ ಮುಚ್ಚಿಬಿಡುತ್ತದೆ. ಅಡುಗೆಮನೆ, ಓದುವ ಕೋಣೆ ತಣ್ಣಗುಳಿಯುತ್ತವೆ. ಮಹಡಿಯ ಸಾಲಿಗೆ ಝೋನ್ ವಾಲ್ವ್ ಕಾಣುತ್ತಿಲ್ಲ, ಅದಕ್ಕೇ ಶಾಖವೆಲ್ಲ ಮೇಲೆ ಹೋಗುತ್ತಿದೆ. ಆಯಿಲ್ ಹಾಕಿದ ದಿನ ಹಾಲ್ ನಿಧಾನವಾಗಿ ಉಳಿದ ಕೋಣೆಗಳ ಜೊತೆಜೊತೆಗೇ ಬಿಸಿಯಾಗುತ್ತದೆ, ವಾಲ್ವ್ ಬಹಳ ಹೊತ್ತು ತೆರೆದಿರುತ್ತದೆ. ಆಗ ಎಲ್ಲವೂ ಸರಿ ಅನ್ನಿಸುತ್ತದೆ.

ಇನ್ನೂ ಒಂದು ಸಾಧ್ಯತೆ ಇದೆ. ಕೆಲವು ಮನೆಗಳಲ್ಲಿ ಝೋನ್ ವಾಲ್ವ್‌ಗೆ ಕರೆಂಟ್ ಬರುವುದೇ ಆಯಿಲ್ ಟೈಮರಿನಿಂದ. ಟೈಮರ್ ಆಫ್ ಆದರೆ ವಾಲ್ವ್ ಮುಚ್ಚಿಯೇ ಇರುತ್ತದೆ, ಥರ್ಮೋಸ್ಟಾಟ್ ಏನು ಹೇಳಿದರೂ ಸರಿ.

ಯಾವುದು ಎಂದು ತಿಳಿಯುವುದು ಸುಲಭ. ಝೋನ್ ವಾಲ್ವ್ ಪೆಟ್ಟಿಗೆಯ ಬದಿಯಲ್ಲಿ ಒಂದು ಪುಟ್ಟ ಲಿವರ್ ಇದೆ. ಒಲೆ ಚೆನ್ನಾಗಿ ಉರಿಯುವಾಗ, ಅಡುಗೆಮನೆ ತಣ್ಣಗಿರುವಾಗ, ಅದನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿ. ಸಡಿಲವಾಗಿ, ಏನೂ ತಡೆ ಇಲ್ಲದೆ ಓಡಾಡಿದರೆ ವಾಲ್ವ್ ಮೊದಲೇ ತೆರೆದಿದೆ ಎಂದರ್ಥ. ಸ್ಪ್ರಿಂಗ್ ಎಳೆತ ಸಿಕ್ಕರೆ ಮುಚ್ಚಿದೆ. ಮುಚ್ಚಿದ್ದರೆ ಲಿವರನ್ನು ಪೂರ್ತಿ ಸರಿಸಿ ಕೊಕ್ಕೆಗೆ ಸಿಕ್ಕಿಸಿ, ಅದು ಕೈಯಿಂದಲೇ ತೆರೆದುಕೊಂಡಿರುತ್ತದೆ. ಕಾಲು ಗಂಟೆಯಲ್ಲಿ ಅಡುಗೆಮನೆ ರೇಡಿಯೇಟರಿನ ಪೈಪ್ ಬಿಸಿಯಾದರೆ ಕಾರಣ ಸಿಕ್ಕಿತು. ಆಮೇಲೆ ಲಿವರನ್ನು ಮೊದಲಿನ ಜಾಗಕ್ಕೆ ತರಲು ಮರೆಯಬೇಡಿ.

ಒಂದು ವೇಳೆ ವಾಲ್ವ್ ತೆರೆದಿದ್ದೂ ಅಡುಗೆಮನೆ ತಣ್ಣಗಿದ್ದರೆ ಹಿತ್ತಲಿಗೆ ಹೋಗಿ ಆರಿದ ಆಯಿಲ್ ಬಾಯ್ಲರಿನ ಪೈಪ್ ಮುಟ್ಟಿ ನೋಡಿ. ಅದು ಬಿಸಿ ಇದ್ದರೆ ನಿಮ್ಮ ಸೌದೆಯ ಶಾಖ ಹೊರಗಿನ ಬಾಯ್ಲರನ್ನು ಸುತ್ತಿಕೊಂಡು ಬರುತ್ತಿದೆ. ಆ ಕಡೆಯ ಎನ್‌ಆರ್‌ವಿಯೂ ಕೆಟ್ಟಿದೆ ಅಥವಾ ಹಾಕಿಯೇ ಇಲ್ಲ. ಮೊದಲ ದೂರಿನ ಕನ್ನಡಿ ಬಿಂಬದ ಹಾಗೆ ಇದು. ಎರಡು ಬೆಂಕಿ ಇರುವ ಕಡೆ ಎನ್‌ಆರ್‌ವಿಯೂ ಎರಡು ಬೇಕು.

ಥರ್ಮೋಸ್ಟಾಟ್ ಕಾರಣ ಎಂದಾದರೆ ಅದನ್ನು ಹಾಲ್‌ನಿಂದ ತೆಗೆಸಿ ಪ್ಯಾಸೇಜ್‌ನಲ್ಲಿ ಹಾಕಿಸಿ. ಗೋಡೆ ಕೊರೆಯುವುದು ಬೇಡವೆಂದರೆ ವೈರ್‌ಲೆಸ್ ಸಿಗುತ್ತದೆ. ಇಷ್ಟಕ್ಕೇ ನಿಲ್ಲಿಸಬೇಡಿ ಎಂಬುದು ನನ್ನ ಸಲಹೆ. ಒಲೆಯ ಪೈಪಿಗೆ ಕಟ್ಟಿರುವ ಪೈಪ್ ಥರ್ಮೋಸ್ಟಾಟ್ ಒಲೆಯ ಪಂಪನ್ನು ಶುರು ಮಾಡುತ್ತದಲ್ಲ, ಅದೇ ಸಂಕೇತದಿಂದ ಝೋನ್ ವಾಲ್ವ್ ಕೂಡ ತೆರೆಯುವ ಹಾಗೆ ಮತ್ತು ಆಯಿಲ್ ಬರ್ನರ್ ಆರುವ ಹಾಗೆ ರಿಲೇ, ಅಂದರೆ ಸಂಕೇತ ಬಂದಾಗ ತಾನಾಗಿ ಕೆಲಸ ಮಾಡುವ ಸ್ವಿಚ್, ಹಾಕಿಸಿ. ಒಲೆ ಬಿಸಿ ಇದ್ದಷ್ಟು ಹೊತ್ತು ದಾರಿ ಮುಚ್ಚಬಾರದು. ಇದು 230 ವೋಲ್ಟ್ ಕೆಲಸ, ಇಲ್ಲಿನ ಎಲೆಕ್ಟ್ರಿಷಿಯನ್‌ಗಳ ನೋಂದಣಿ ಸಂಸ್ಥೆ ಸೇಫ್ ಎಲೆಕ್ಟ್ರಿಕ್‌ನಲ್ಲಿ ನೋಂದಾಯಿಸಿದವರೇ ಮಾಡಲಿ.

ಪೈಪ್ ಥರ್ಮೋಸ್ಟಾಟಿನ ಸೂಚಿಯನ್ನೂ ನೋಡಿಕೊಳ್ಳಿ. 45ರಿಂದ 50 ಡಿಗ್ರಿ ಇದ್ದರೆ ಸರಿ. ತೀರಾ ಕಡಿಮೆ ಇಟ್ಟರೆ ಒಲೆ ಕಾಯುವ ಮೊದಲೇ ಪಂಪ್ ತಣ್ಣೀರನ್ನು ಅದಕ್ಕೆ ತುಂಬುತ್ತದೆ, ಬಾಯ್ಲರಿನ ಮೈಮೇಲೆ ಹೊಗೆಯ ತೇವ ಕೂತು ಡಾಂಬರಿನಂಥ ಕರಿ ಹಿಡಿಯುತ್ತದೆ. ಜಾಸ್ತಿ ಇಟ್ಟರೆ ಪಂಪ್ ತಡವಾಗಿ ಶುರುವಾಗಿ ಒಲೆ ಅಷ್ಟರಲ್ಲಿ ವಿಪರೀತ ಕಾದಿರುತ್ತದೆ.

ನಿರೀಕ್ಷೆ ಎಷ್ಟಿರಬೇಕು ಎಂಬುದಕ್ಕೂ ಒಂದು ಲೆಕ್ಕ ಕೊಡುತ್ತೇನೆ. ನಿಮ್ಮ ಒಲೆಯ ಫಲಕದ ಪ್ರಕಾರ ನೀರಿಗೆ ಸಿಗುವುದು 9 ಕಿಲೋವ್ಯಾಟ್. 150 ಲೀಟರ್ ಸಿಲಿಂಡರನ್ನು 10 ಡಿಗ್ರಿಯಿಂದ 60ಕ್ಕೆ ತರಲು ಸುಮಾರು 8.7 ಯೂನಿಟ್ ಬೇಕು. ಅಂದರೆ ಮೊದಲ ಒಂದು ಗಂಟೆಯ ಶಾಖವನ್ನೆಲ್ಲ ಸಿಲಿಂಡರ್ ಒಂದೇ ನುಂಗಬಹುದು. ಆಮೇಲೆ ಹತ್ತು ರೇಡಿಯೇಟರ್, ತಲಾ 1.2 ಕಿಲೋವ್ಯಾಟ್ ಎಂದರೂ 12 ಆಯಿತು. ಒಲೆಯೊಂದರಿಂದ ಹತ್ತೂ ಕೈ ಸುಡುವಷ್ಟು ಬಿಸಿಯಾಗುವುದಿಲ್ಲ. ಎಲ್ಲವೂ ಒಂದು ಹದಕ್ಕೆ ಬೆಚ್ಚಗಿದ್ದರೆ ವ್ಯವಸ್ಥೆ ಸರಿಯಾಗಿದೆ ಎಂದೇ ತಿಳಿಯಿರಿ. ಈ 9 ಕೂಡ ಒಣ ಸೌದೆಗೆ ಮಾತ್ರ. ಹಸಿ ಸೌದೆಯ ಶಾಖ ಅದರದೇ ನೀರನ್ನು ಓಡಿಸುವುದರಲ್ಲಿ ಮುಗಿಯುತ್ತದೆ. ಒಂದು ತೇವ ಅಳೆಯುವ ಮೀಟರ್ ತಗೊಳ್ಳಿ. ಸೌದೆಯನ್ನು ಆಗಷ್ಟೇ ಸೀಳಿ ಒಳಮೈಗೆ ಚುಚ್ಚಿ ನೋಡಿ, 20 ಶೇಕಡದ ಕೆಳಗಿರಲಿ.

ಮೂರನೆಯದು ನನಗೆ ತುಂಬಾ ಚಿಂತೆ ಹುಟ್ಟಿಸಿದ ದೂರು. ಗಡಗಡ ಶಬ್ದ, ಅಟ್ಟದ ಟ್ಯಾಂಕಿಗೆ ಸುರಿದ ಬಿಸಿನೀರು.

ಟ್ಯಾಂಕಿಗೆ ವೆಂಟ್ ಪೈಪಿನಿಂದ ನೀರು ಬರಲು ಎರಡು ಕಾರಣ ಇರುತ್ತವೆ, ಎರಡನ್ನೂ ಬೇರೆ ಮಾಡಿ ನೋಡಬೇಕು. ಒಂದು, ಪಂಪಿನ ಒತ್ತಡ ಜಾಸ್ತಿಯಾಗಿ ನೀರನ್ನು ಮೇಲಕ್ಕೆ ಎತ್ತಿ ಸುರಿಯುವುದು. ಇದು ಪಂಪ್ ಶುರುವಾದ ಕೂಡಲೇ ಆಗುತ್ತದೆ, ನೀರು ತಣ್ಣಗಿದ್ದರೂ ಆಗುತ್ತದೆ, ಶಬ್ದ ಇರುವುದಿಲ್ಲ. ಇನ್ನೊಂದು, ಒಲೆಯಲ್ಲಿ ನೀರು ಕುದಿಯುವುದು. ಅದಕ್ಕೆ ಹೊತ್ತು ಬೇಕು, ಗಡಗಡ ಶಬ್ದ ಬರುತ್ತದೆ, ನೀರು ಆವಿಯ ಜೊತೆ ಉಕ್ಕಿ ಉಕ್ಕಿ ಬರುತ್ತದೆ. ನೀವು ಬರೆದಿರುವುದು ಎರಡನೆಯದು. ಕಾರಣವೂ ಮೇಲಿನದಕ್ಕೇ ಕೂಡುತ್ತದೆ. ಹಾಲ್ ಬಿಸಿಯಾಗಿ ಕೆಳಗಿನ ವಾಲ್ವ್ ಮುಚ್ಚಿತು. ಮೇಲಿನ ಸಾಲನ್ನು ಆಯಿಲ್ ಬಾಯ್ಲರ್ ಆಗಲೇ ಕಾಯಿಸಿಟ್ಟಿತ್ತು, ಅದರ ಪಂಪ್ ಎದುರಿನಿಂದ ತಳ್ಳುತ್ತಿತ್ತು. ಸಿಲಿಂಡರ್ ತುಂಬಾ ಕಾದಿತ್ತು. ಒಲೆಯ ಶಾಖಕ್ಕೆ ಹೋಗಲು ಎಲ್ಲೂ ದಾರಿ ಇರಲಿಲ್ಲ. ವೆಂಟ್ ಪೈಪ್ ಒಂದೇ ಉಳಿದಿತ್ತು, ಅದು ತನ್ನ ಕೆಲಸ ಮಾಡಿತು. ಅಲ್ಲಿ ಗೇಟ್ ವಾಲ್ವ್ ಇದ್ದಿದ್ದರೆ ಏನಾಗುತ್ತಿತ್ತು ಎಂದು ಇನ್ನೊಮ್ಮೆ ಹೇಳಬೇಕಿಲ್ಲ.

ಹಾಗಾಗಿ ಎನ್‌ಆರ್‌ವಿ ಮತ್ತು ವೈರಿಂಗ್ ಸರಿಯಾಗುವವರೆಗೆ ಎರಡನ್ನೂ ಒಟ್ಟಿಗೆ ಉರಿಸಬೇಡಿ. ಅಷ್ಟರೊಳಗೆ ಮತ್ತೆ ಆ ಶಬ್ದ ಬಂದರೆ ಆಯಿಲ್ ಬರ್ನರ್ ಆರಿಸಿ. ಒಲೆಯ ಬಾಗಿಲು ತೆರೆಯದೆ ಗಾಳಿಯ ಕಿಂಡಿಗಳನ್ನು ಮುಚ್ಚಿ. ಒಲೆಯ ಪಂಪ್ ಓಡುತ್ತಲೇ ಇರಲಿ, ಅದನ್ನು ನಿಲ್ಲಿಸಬೇಡಿ. ಝೋನ್ ವಾಲ್ವಿನ ಲಿವರ್ ಸರಿಸಿ ತೆರೆಯಿರಿ, ಎಲ್ಲಾ ರೇಡಿಯೇಟರ್‌ಗಳನ್ನೂ ಪೂರ್ತಿ ತೆರೆಯಿರಿ. ಬಾತ್‌ರೂಮಿನ ಬಿಸಿನೀರಿನ ನಲ್ಲಿ ಬಿಟ್ಟುಬಿಡಿ, ಸಿಲಿಂಡರಿಗೆ ತಣ್ಣೀರು ಬಂದು ಒಲೆಯ ಶಾಖ ಎಳೆದುಕೊಳ್ಳುತ್ತದೆ. ಆ ನೀರು ಕುದಿಯುವಷ್ಟು ಬಿಸಿ ಇರಬಹುದು, ಕೈ ಒಡ್ಡಬೇಡಿ. ಬೆಂಕಿಗೆ ನೀರು ಮಾತ್ರ ಎರಚಬೇಡಿ, ಕಾದ ಎರಕದ ಕಬ್ಬಿಣ ಸೀಳಬಹುದು. ಆ ಹೊತ್ತಿನಲ್ಲಿ ಅಟ್ಟಕ್ಕೂ ಹತ್ತಬೇಡಿ.

ಕುದಿದು ಹೋದ ನೀರಿನ ಜಾಗಕ್ಕೆ ಬೇರೆ ನೀರು ಬರಲೇಬೇಕು. ಅದು ಅಟ್ಟದ ಟ್ಯಾಂಕಿನ ತಳದಿಂದ ಇಳಿಯುವ ಸಣ್ಣ ಪೈಪಿನಿಂದ ಬರುತ್ತದೆ, ಅದಕ್ಕೆ ಕೋಲ್ಡ್ ಫೀಡ್ ಅನ್ನುತ್ತಾರೆ. ಹಳೇ ಮನೆಗಳಲ್ಲಿ ಈ ಪೈಪ್ ಬಿಸಿ ಪೈಪಿಗೆ ಕೂಡುವ ಜಾಗದಲ್ಲಿ ಕಪ್ಪು ಕೆಸರು ಕಟ್ಟಿ ಮುಚ್ಚಿಹೋಗಿರುತ್ತದೆ. ಮುಚ್ಚಿದ್ದರೆ ಒಲೆಯ ಬಾಯ್ಲರ್ ಒಣಗುತ್ತದೆ, ಯಾರಿಗೂ ತಿಳಿಯುವುದೂ ಇಲ್ಲ. ಎಲ್ಲಾ ತಣ್ಣಗಿರುವ ದಿನ ಇದನ್ನು ಪರೀಕ್ಷಿಸಿ. ಕೆಳಗಿನ ಡ್ರೈನ್ ನಲ್ಲಿಗೆ ಪೈಪ್ ಸಿಕ್ಕಿಸಿ ಒಂದೆರಡು ಬಕೆಟ್ ನೀರು ಬಿಡಿ. ಇನ್ನೊಬ್ಬರು ಅಟ್ಟದಲ್ಲಿ ಟ್ಯಾಂಕ್ ನೋಡುತ್ತಿರಲಿ, ತೊಲೆಗಳ ಮೇಲೇ ಕಾಲಿಡಬೇಕು. ಟ್ಯಾಂಕಿನ ಮಟ್ಟ ಇಳಿದು ಬಾಲ್ ವಾಲ್ವ್ ನೀರು ಬಿಡಲು ಶುರು ಮಾಡಿದರೆ ದಾರಿ ಸರಿ ಇದೆ. ಕೆಳಗೆ ನೀರು ಹೋಗುತ್ತಿದ್ದೂ ಟ್ಯಾಂಕ್ ಅಲುಗಾಡದಿದ್ದರೆ ಪೈಪ್ ಮುಚ್ಚಿದೆ, ರಿಪೇರಿ ಆಗುವವರೆಗೆ ಒಲೆ ಹಚ್ಚಬೇಡಿ. ಮುಚ್ಚಿದ ಜಾಗ ಹುಡುಕಲು ಒಂದು ಸಾಮಾನ್ಯ ಅಯಸ್ಕಾಂತ ಸಾಕು. ತಾಮ್ರಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ. ಪೈಪಿನ ಮೇಲೆ ಸರಿಸುತ್ತಾ ಹೋಗಿ. ಎಲ್ಲಾದರೂ ಟಕ್ ಅಂತ ಅಂಟಿಕೊಂಡರೆ ಅದರೊಳಗೆ ರೇಡಿಯೇಟರ್‌ಗಳ ಕಬ್ಬಿಣದ ಕಪ್ಪು ಕೆಸರು ತುಂಬಿದೆ. ಅಷ್ಟು ತುಂಡು ಪೈಪ್ ಕತ್ತರಿಸಿ ಹೊಸದು ಹಾಕಬೇಕು.

ಅಟ್ಟಕ್ಕೆ ಹೋದಾಗಲೇ ಇನ್ನೊಂದು ನೋಡಿಬಿಡಿ. ಒಂದು ಲೋಟ ನೀರನ್ನು ವೆಂಟ್ ಪೈಪಿನ ಬಾಯಿ ಮುಳುಗುವ ಹಾಗೆ ಹಿಡಿಯಿರಿ, ಕೆಳಗಿನಿಂದ ಯಾರಾದರೂ ಆಯಿಲ್ ಬಾಯ್ಲರಿನ ಪಂಪ್ ಶುರು ಮಾಡಲಿ. ಒಲೆ ಆರಿರಬೇಕು, ನೀರು ತಣ್ಣಗಿರಬೇಕು. ಲೋಟದ ನೀರು ಒಳಗೆ ಎಳೆದುಕೊಂಡರೆ ವ್ಯವಸ್ಥೆ ಗಾಳಿ ಕುಡಿಯುತ್ತಿದೆ. ಆ ಗಾಳಿಯೇ ಕಬ್ಬಿಣವನ್ನು ತುಕ್ಕು ಹಿಡಿಸಿ ಕೆಸರು ಮಾಡುವುದು. ಪಂಪಿನ ವೇಗ ಒಂದು ಹಂತ ಇಳಿಸಿ ಮತ್ತೆ ನೋಡಿ. ಆಗಲೂ ಎಳೆದರೆ ಪಂಪ್ ಮತ್ತು ವೆಂಟ್ ಕೂಡುವ ಜಾಗವನ್ನೇ ಬದಲಾಯಿಸಬೇಕು. ಟ್ಯಾಂಕ್ ತಣ್ಣಗಿರುವಾಗ ನೀರು ತಳದಿಂದ ಒಂದು ಗೇಣಿಗಿಂತ ಕಡಿಮೆ ಇರಲಿ. ಕಾದಾಗ ನೀರು ಹಿಗ್ಗುತ್ತದೆ, 200 ಲೀಟರ್ ಇರುವ ವ್ಯವಸ್ಥೆಯಲ್ಲಿ ಆರು ಲೀಟರ್‌ಗೂ ಜಾಸ್ತಿ. ಅದಕ್ಕೆ ಮೇಲೆ ಜಾಗ ಬೇಕು. ಟ್ಯಾಂಕ್ ಬಿಸಿನೀರು ತಡೆಯುವ ಬಗೆಯದೇ, ಅದರ ಕೆಳಗೆ ಗಟ್ಟಿ ಹಲಗೆ ಇದೆಯೇ ಎಂದೂ ನೋಡಿ. ಕುದಿನೀರು ಬಿದ್ದರೆ ಸಾಮಾನ್ಯ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಕೆಳಗೆ ಮಲಗುವ ಕೋಣೆ ಇರುತ್ತದೆ. ಅಟ್ಟದ ಪೈಪುಗಳಿಗೆ ಸ್ಪಂಜಿನ ಹೊದಿಕೆ ಇರಲಿ. ಕಡು ಚಳಿಯಲ್ಲಿ ಅವು ಹೆಪ್ಪುಗಟ್ಟಿವೆ ಎಂಬ ಅನುಮಾನ ಬಂದರೂ ಒಲೆ ಹಚ್ಚಬಾರದು. ಮಂಜುಗಡ್ಡೆಯೂ ಮುಚ್ಚಿದ ವಾಲ್ವೇ.

ಒಟ್ಟಿನಲ್ಲಿ ಕೆಲಸದವರನ್ನು ಕರೆದಾಗ "ಹೀಟಿಂಗ್ ಸರಿಯಿಲ್ಲ" ಅನ್ನಬೇಡಿ. ಹಾಟ್ ಪ್ರೆಸ್‌ನ ಸ್ವಿಂಗ್ ಎನ್‌ಆರ್‌ವಿ ತೆಗೆದು ಸ್ಪ್ರಿಂಗ್‌ನದು ಹಾಕಿ, ಆಯಿಲ್ ಕಡೆಯದನ್ನೂ ಪರೀಕ್ಷಿಸಿ, ನೀರು ಖಾಲಿ ಮಾಡಿದಾಗಲೇ ಕೋಲ್ಡ್ ಫೀಡ್ ಕೂಡುವ ಜಾಗ ಬಿಚ್ಚಿ ನೋಡಿ, ತುಂಬುವಾಗ ತುಕ್ಕು ತಡೆಯುವ ಇನ್‌ಹಿಬಿಟರ್ ಹಾಕಿ ಎಂದು ಹೇಳಿ. ಒಂದೇ ಸಲ ನೀರು ಇಳಿಸಿದರೆ ನಾಲ್ಕೂ ಆಗುತ್ತವೆ, ಕೂಲಿ ಉಳಿಯುತ್ತದೆ. ಆಯಿಲ್ ಬಾಯ್ಲರ್ ಮುಟ್ಟುವವರು ಆಫ್ಟೆಕ್ (ಆಯಿಲ್ ಹೀಟಿಂಗ್ ಕೆಲಸಗಾರರ ನೋಂದಣಿ ಸಂಸ್ಥೆ) ನೋಂದಣಿ ಇರುವವರಾಗಿರಲಿ. ಹಾಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಅವರು ಬರುವ ಮೊದಲೇ ತಂದು ಹಾಕಿ.

ಇಡೀ ವ್ಯವಸ್ಥೆ ಬದಲಾಯಿಸುವ ಯೋಚನೆ ಇದ್ದರೆ ಒಲೆಯ ನೀರು ಮತ್ತು ಆಯಿಲ್ ನೀರನ್ನು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ (ನೀರು ಬೆರೆಯದೆ ಲೋಹದ ತಟ್ಟೆಗಳ ಮೂಲಕ ಶಾಖ ಮಾತ್ರ ದಾಟಿಸುವ ಸಾಧನ) ಹಾಕಿ ಪೂರ್ತಿ ಬೇರೆ ಮಾಡುವುದು ನನ್ನ ಮಟ್ಟಿಗೆ ಒಳ್ಳೆಯ ದಾರಿ. ಆದರೆ ಈ ಚಳಿಗಾಲಕ್ಕೆ ಅದು ಬೇಕಿಲ್ಲ. ಆಯಿಲ್ ಹಾಕಿದ ಬೆಳಿಗ್ಗೆ ಒಲೆಯ ಯಾವ ಪೈಪ್ ಮೊದಲು ಬಿಸಿಯಾಯಿತು, ಝೋನ್ ವಾಲ್ವಿನ ಲಿವರ್ ಸಡಿಲವಾಗಿತ್ತಾ ಬಿಗಿಯಾಗಿತ್ತಾ, ನೀರು ಬಿಟ್ಟಾಗ ಅಟ್ಟದ ಟ್ಯಾಂಕ್ ಇಳಿಯಿತಾ, ಈ ಮೂರನ್ನು ಬರೆದು ಕಳಿಸಿ. ಕೆಳಗಿನ ಪೈಪ್ ಮೊದಲು ಬಿಸಿಯಾಗಿದ್ದರೆ ಪೈಪುಗಳು ಕೂಡಿರುವ ರೀತಿಯೇ ಬೇರೆ. ಆಗ ಹಾಲ್‌ನ ನೆಲದಿಂದ ಹಾಟ್ ಪ್ರೆಸ್‌ವರೆಗೆ ಪೈಪ್ ಹೋಗಿರುವ ದಾರಿಯ ಫೋಟೋಗಳೂ ನನಗೆ ಬೇಕಾಗುತ್ತವೆ.